ಮನೆ ಸಾಲದ ಇಎಂಐ ಸೂತ್ರವನ್ನು ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ನಾವೇ ಬರೆದು ಮನೆಯವರಿಗೆ ಕಳಿಸಬಹುದಾ?

ಇಎಂಐ ಸೂತ್ರವನ್ನು ಒಮ್ಮೆ ಬರೆದಿಟ್ಟು, ಊರಲ್ಲಿರುವ ಅಪ್ಪ, ಅಣ್ಣ ಅವರವರ ಫೋನಿನಲ್ಲೇ ಮೊತ್ತ, ಬಡ್ಡಿ ಬದಲಿಸಿ ನೋಡುವ ಹಾಗೆ ಕಳಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಇದಕ್ಕೆ ಡೆಸ್ಮೋಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆಯುತ್ತದೆ.

ಎಡಗಡೆ ಖಾಲಿ ಸಾಲುಗಳಿರುತ್ತವೆ. ಒಂದೊಂದರಲ್ಲಿ ಒಂದೊಂದು ಬರೆಯಿರಿ. ಸಾಲದ ಮೊತ್ತ ಪಿ = 2000000, ವರ್ಷದ ಬಡ್ಡಿ ಎ = 8.5, ವರ್ಷಗಳು ವಿ = 20. ಆಮೇಲೆ ತಿಂಗಳ ಬಡ್ಡಿ ಬಿ = ಎ ÷ 1200, ಒಟ್ಟು ಕಂತುಗಳು ಎನ್ = 12 × ವಿ. ಕೊನೆಗೆ ತಿಂಗಳ ಕಂತು:

ಎಂ = ಪಿ × ಬಿ × (1 + ಬಿ)^ಎನ್ ÷ ((1 + ಬಿ)^ಎನ್ − 1)

ನಾನಿಲ್ಲಿ ಕನ್ನಡದಲ್ಲಿ ಬರೆದ ಅಕ್ಷರಗಳನ್ನು ಅಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಉತ್ತರ ಸುಮಾರು 17,356 ಬಂದರೆ ಸೂತ್ರ ಸರಿಯಾಗಿ ಕೂತಿದೆ ಅಂತ ಅರ್ಥ.

ಬರದಿದ್ದರೆ ಮೊದಲು ಅಕ್ಷರಗಳನ್ನೇ ನೋಡಿ. ಪಠ್ಯಪುಸ್ತಕಗಳಲ್ಲಿ ಬಡ್ಡಿಗೆ ಆರ್ ಅಂತ ಬರೆಯುತ್ತಾರೆ ಅಲ್ವಾ, ಡೆಸ್ಮೋಸ್‌ನಲ್ಲಿ ಸಣ್ಣ ಆರ್ ಹಾಕಿದರೆ ಅದು ಗ್ರಾಫಿನ ಮೇಲೆ ವೃತ್ತ ಬಿಡಿಸುತ್ತದೆ. ಸಣ್ಣ ಇ ಕೂಡ ಬೇಡ, ಅದು 2.718 ಎಂಬ ಸ್ಥಿರಾಂಕಕ್ಕೆ ಮೀಸಲು. ಇಎಂಐ ಅಂತ ಪೂರ್ತಿ ಹೆಸರು ಬರೆದರೆ ಮೂರು ಅಕ್ಷರಗಳ ಗುಣಾಕಾರ ಅಂದುಕೊಳ್ಳುತ್ತದೆ. 20,00,000 ಅಂತ ಕಾಮಾ ಹಾಕಿದರೂ ಒಪ್ಪುವುದಿಲ್ಲ. ಇನ್ನೊಂದು, ಘಾತ (^ ಒತ್ತಿದ ಮೇಲೆ ಬರೆಯುವ ಭಾಗ) ಬರೆದಾದ ಮೇಲೆ ಬಲಬಾಣದ ಕೀ ಒತ್ತಿ ಹೊರಗೆ ಬರಬೇಕು. ಇಲ್ಲದಿದ್ದರೆ ಮುಂದೆ ಟೈಪ್ ಮಾಡಿದ್ದೆಲ್ಲ ಘಾತದ ಒಳಗೇ ಸೇರುತ್ತಾ ಹೋಗುತ್ತದೆ.

ಪಿ, ಎ, ವಿ ಮೂರಕ್ಕೂ ತಾನಾಗಿಯೇ ಸ್ಲೈಡರ್, ಅಂದರೆ ಎಳೆದು ಸಂಖ್ಯೆ ಬದಲಿಸುವ ಪಟ್ಟಿ, ಬರುತ್ತದೆ. ಅದರ ತುದಿಯ ಸಂಖ್ಯೆ ಒತ್ತಿ ಮಿತಿ ಕೊಡಿ. ಬಡ್ಡಿಗೆ 6ರಿಂದ 14, ಒಂದು ಸಲಕ್ಕೆ 0.05. ವರ್ಷಕ್ಕೆ 1ರಿಂದ 30, ಒಂದೊಂದೇ. ಈ ಕೆಲಸ ಬಿಡಬೇಡಿ. ಮಿತಿ ಇಲ್ಲದೆ ಕಳಿಸಿದರೆ ಬೆರಳು ತಾಗಿ ಬಡ್ಡಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ನೋಡುವವರಿಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಬಡ್ಡಿಯ ಸ್ಲೈಡರ್ ಮನೆ ಸಾಲಕ್ಕಂತೂ ಬೇಕೇ ಬೇಕು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ (ಬದಲಾಗುವ ಬಡ್ಡಿಯ) ಮನೆ ಸಾಲದ ದರವನ್ನು ರೆಪೋದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಬೇಕು. ಹಾಗಾಗಿ ದರ ಏರಿಳಿಯುತ್ತಲೇ ಇರುತ್ತದೆ. 8.5 ಇದ್ದದ್ದು 9.5 ಆದರೆ ಇದೇ ಸಾಲದ ಕಂತು 18,643ಕ್ಕೆ ಏರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಸಾಲು. ಕಂತು ಎಷ್ಟು ಅಂತ ಗೊತ್ತಾದರೆ ಸಾಲದು, ಯಾವ ತಿಂಗಳಲ್ಲಿ ಎಷ್ಟು ಅಸಲು ಬಾಕಿ ಅನ್ನೋದೂ ಗೊತ್ತಿರಬೇಕು. ಅದನ್ನು ಹೀಗೆ ಬರೆಯಿರಿ:

ಎಫ್(ಎಕ್ಸ್) = ಪಿ × ((1 + ಬಿ)^ಎನ್ − (1 + ಬಿ)^ಎಕ್ಸ್) ÷ ((1 + ಬಿ)^ಎನ್ − 1)

ಇಲ್ಲಿ ಎಕ್ಸ್ ಅಂದರೆ ಕಟ್ಟಿದ ತಿಂಗಳುಗಳು. ಸ್ಪ್ಯಾನರ್ ಗುರುತು ಒತ್ತಿ ಅಡ್ಡ ಅಕ್ಷಕ್ಕೆ 0ರಿಂದ 240, ಲಂಬ ಅಕ್ಷಕ್ಕೆ 0ರಿಂದ 2000000 ಕೊಡಿ. ಗೆರೆ ಮೊದಮೊದಲು ಎಷ್ಟು ನಿಧಾನವಾಗಿ ಇಳಿಯುತ್ತದೆ ನೋಡಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 3,190 ಮಾತ್ರ. ಹೊಸ ಸಾಲಿನಲ್ಲಿ ಎಫ್(120) ಅಂತ ಬರೆದರೆ, 10 ವರ್ಷ ಕಟ್ಟಿದ ಮೇಲೂ ಹತ್ತಿರ ಹತ್ತಿರ 14 ಲಕ್ಷ ಬಾಕಿ ಅಂತ ತೋರಿಸುತ್ತದೆ. ಅಪ್ಪನಿಗೆ ಬಾಯಲ್ಲಿ ಹೇಳಿದರೆ ನಂಬಲಿಕ್ಕಿಲ್ಲ, ಗೆರೆ ನೋಡಿದರೆ ನಂಬುತ್ತಾರೆ. ಕೈಗೆ ಹೆಚ್ಚು ಹಣ ಬಂದಾಗ ಶುರುವಿನ ವರ್ಷಗಳಲ್ಲೇ ಸ್ವಲ್ಪ ಅಸಲು ಕಟ್ಟಿಬಿಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕಳಿಸುವ ಮೊದಲು ಪ್ರತಿ ಸ್ಲೈಡರ್ ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ ಹಾಕಿ. ಖಾಲಿ ಸಾಲಿನಲ್ಲಿ ಉದ್ಧರಣ ಚಿಹ್ನೆ ಒತ್ತಿದರೆ ಟಿಪ್ಪಣಿ ತೆರೆದುಕೊಳ್ಳುತ್ತದೆ. "ಸಾಲ ಎಷ್ಟು", "ಬಡ್ಡಿ ಎಷ್ಟು" ಅಂದರೆ ಸಾಕು. ಪಿ ಅಂದರೇನು, ಎ ಅಂದರೇನು ಅಂತ ಅವರು ನಿಮಗೆ ಫೋನ್ ಮಾಡಿ ಕೇಳುವಂತಾಗಬಾರದು.

ಆಮೇಲೆ ಲಾಗಿನ್ ಆಗಿ ಉಳಿಸಿ, ಶೇರ್ ಗುರುತು ಒತ್ತಿ, ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಅವರು ಏನೇ ಬದಲಿಸಿದರೂ ನಿಮ್ಮ ಮೂಲಕ್ಕೆ ಏನೂ ಆಗುವುದಿಲ್ಲ. ಆದರೆ ಆ ಲಿಂಕ್ ನೀವು ಕಳಿಸಿದ ಹೊತ್ತಿನ ಪ್ರತಿ. ನಾಳೆ ನೀವು ಸೂತ್ರ ತಿದ್ದಿದರೆ ಅವರ ಬಳಿ ಇರುವುದು ತಾನಾಗಿ ಬದಲಾಗುವುದಿಲ್ಲ, ಹೊಸ ಲಿಂಕ್ ಕಳಿಸಬೇಕು. ಹಾಗಾಗಿ ಮೊದಲ ಟಿಪ್ಪಣಿಯಲ್ಲೇ ತಾರೀಖು ಬರೆದಿಡಿ, ಯಾವುದು ಹೊಸದು ಅಂತ ಗ್ರೂಪಿನಲ್ಲಿ ಗೊಂದಲ ಇರುವುದಿಲ್ಲ.

ಇದು ಬಾಕಿ ಇರುವ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಸಾಲದ ಸೂತ್ರ. ಗಾಡಿ ಸಾಲಕ್ಕೆ ಯಾರಾದರೂ ಫ್ಲ್ಯಾಟ್ ದರ (ಕೊನೆಯವರೆಗೂ ಮೊದಲ ಮೊತ್ತದ ಮೇಲೇ ಹಾಕುವ ಬಡ್ಡಿ) ಹೇಳಿದರೆ ಆ ಸಂಖ್ಯೆಯನ್ನು ಇದರಲ್ಲಿ ಹಾಕಬೇಡಿ, ಕಂತು ನಿಜಕ್ಕಿಂತ ಕಮ್ಮಿ ತೋರಿಸುತ್ತದೆ.