‘ಬುದ್ಧಿಮತ್ತೆ’ಯಲ್ಲಿ ‘ಮತ್ತೆ’ ಎಲ್ಲಿಂದ ಬಂತು?

ನಮಸ್ಕಾರ.

‘ಬುದ್ಧಿಮತ್ತೆ: ಅರ್ಥ ಮತ್ತು ಮೂಲ’ ಎಂಬ ನಿಮ್ಮ ಲೇಖನವನ್ನು ಡೊಂಬಿವಲಿಯಿಂದ ಮಾಟುಂಗಕ್ಕೆ ಬರುವ ಮುಂಬಯಿಯ ಸ್ಲೋ ಲೋಕಲ್ ರೈಲ್‌ನಲ್ಲಿ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳದೆ ಸುಮ್ನೆ ವಾಪಸ್ ಕಳಿಸುವುದು ಸರಿಯಲ್ಲ, ಅದಕ್ಕೇ ಈ ಪತ್ರ.

ಮೊದಲು ತಪ್ಪು. ‘ಬುದ್ಧಿ ಮತ್ತು ಮತ್ತೆ ಸೇರಿ ಆದ ಪದ, ಮತ್ತೆ ಮತ್ತೆ ಬಳಸಿದಷ್ಟೂ ಹರಿತವಾಗುವುದು’ ಎಂದು ಬರೆದಿದ್ದೀರಿ. ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ. ಇದು ಸಂಸ್ಕೃತದ ‘ಬುದ್ಧಿಮತ್ತಾ’. ‘ಮತ್’ ಅಂದರೆ ಉಳ್ಳ. ಕೊನೆಯ ‘ತಾ’ ಕನ್ನಡದಲ್ಲಿ ‘ತೆ’ ಆಗುತ್ತದೆ, ‘ಮಾನವತಾ’ ‘ಮಾನವತೆ’ ಆದ ಹಾಗೆ. ಬುದ್ಧಿ ಉಳ್ಳ ಗುಣ, ಅಷ್ಟೇ. ಇದೇ ‘ಮತ್’ ಶ್ರೀಮಂತನಲ್ಲೂ ಇದೆ. ಇಲ್ಲೊಂದು ತಮಾಷೆ ಇದೆ, ನೀವು ನೋಡಿಲ್ಲ. ಸಂಸ್ಕೃತದಲ್ಲಿ ಪದ ಅಕಾರದಲ್ಲಿ ಮುಗಿದರೆ ‘ವತ್’, ಇ, ಈಕಾರದಲ್ಲಿ ಮುಗಿದರೆ ‘ಮತ್’. ಅದಕ್ಕೇ ಗುಣವಂತ, ಆದರೆ ಶ್ರೀಮಂತ. ಆ ಲೆಕ್ಕಕ್ಕೆ ‘ಬುದ್ಧಿಮಂತ’ ಆಗಬೇಕಿತ್ತು, ತೆಲುಗರು ಹಾಗೇ ಅನ್ನುತ್ತಾರೆ. ನಾವು ‘ಬುದ್ಧಿವಂತ’ ಮಾಡಿಕೊಂಡೆವು, ‘ಬುದ್ಧಿಮತ್ತೆ’ಯನ್ನು ಮಾತ್ರ ಮುಟ್ಟಲಿಲ್ಲ!

‘ಬುಧ್’ ಧಾತುವಿಗೆ ‘ತಿಳಿ’ ಎಂಬ ಒಂದೇ ಅರ್ಥ ಕೊಟ್ಟು ಮುಂದೆ ಹೋಗಿದ್ದೀರಿ. ಅದಕ್ಕೆ ‘ಎಚ್ಚರಗೊಳ್ಳು’ ಎಂಬ ಅರ್ಥವೂ ಇದೆ. ಬುದ್ಧ ಅಂದರೆ ಎಚ್ಚೆತ್ತವನು. ಇದನ್ನು ಹಿಡಿದಿದ್ದರೆ ‘ಹುಷಾರು’ ನಿಮ್ಮ ಕೈಗೆ ತಾನಾಗೇ ಸಿಗುತ್ತಿತ್ತು. ಪಾರಸಿಯ ‘ಹೋಶ್’ ಅಂದರೂ ಎಚ್ಚರ, ಪ್ರಜ್ಞೆ. ಅದರಿಂದ ಬಂದ ‘ಹೋಶಿಯಾರ್’ ಮರಾಠಿಯಲ್ಲಿ ಜಾಣನಾಯಿತು, ಕನ್ನಡದಲ್ಲಿ ಜೋಪಾನವೂ ಆಯಿತು, ಆರೋಗ್ಯವೂ ಆಯಿತು. ನಮ್ಮಮ್ಮ ಮುಂಬಯಿಯ ವಠಾರಕ್ಕೆ ಹೊಸದಾಗಿ ಬಂದಿದ್ದಾಗ ನನಗೆ ಜ್ವರ. ಪಕ್ಕದ ಮನೆ ಮಾವಶಿಗೆ (ಚಿಕ್ಕಮ್ಮನಂಥವರಿಗೆ) ತಮ್ಮ ಅರೆಬರೆ ಮರಾಠಿಯಲ್ಲಿ ‘ಮುಲ್ಗಾ ಹುಶಾರ್ ನಾಹಿ’ ಅಂದರಂತೆ, ಹುಡುಗನಿಗೆ ಹುಷಾರಿಲ್ಲ ಅನ್ನೋ ಅರ್ಥದಲ್ಲಿ. ಮಾವಶಿ ಅಮ್ಮನ ಕೈ ಹಿಡಿದು ‘ಅಸೂ ದ್ಯಾ, ಶಿಕೇಲ್’ ಅಂದರು. ಇರಲಿ ಬಿಡಿ, ಕಲಿಯುತ್ತಾನೆ!

ನೀವೂ ಇದೇ ಊರಲ್ಲಿ ಬೆಳೆದವರು. ಆದರೂ ಮೊದಲ ಎರಡು ಪುಟ ಪಾಠದ ಪುಸ್ತಕದಂತಿವೆ. ‘ಬುದ್ಧಿಮತ್ತೆ ಮಾನವನ ಅಮೂಲ್ಯ ಸಂಪತ್ತು’ ಅಂತ ಶುರು ಮಾಡಿದರೆ ಯಾರು ಮುಂದೆ ಓದುತ್ತಾರೆ, ಹೇಳಿ? ಹೊಡೆದು ಹಾಕಿ. ಐಕ್ಯೂ ಬಗ್ಗೆ ಬರೆದದ್ದೂ ಬೇಡ.

ಮೂರನೇ ಪುಟದಲ್ಲಿ ಮಾತ್ರ ಲೇಖನ ಉಸಿರಾಡುತ್ತದೆ. ಫೋರ್ಟಿನ ಕ್ಯಾಂಟೀನಿನಲ್ಲಿ ನಿಮ್ಮ ತಂದೆ ಬಿಲ್ ತಪ್ಪು ಕೂಡಿಸಿದ್ದು, ಗಲ್ಲೆಯಲ್ಲಿದ್ದ ಊರಿನ ಧಣಿ ‘ಮಂಡೆ ಉಂಟಾ ನಿಂಗೆ?’ ಅಂದದ್ದು, ಗಿರಾಕಿ ಮರಾಠಿಯಲ್ಲಿ ‘ಅಕ್ಕಲ್ ಆಹೆ ಕಾ?’ (ಬುದ್ಧಿ ಇದೆಯಾ?) ಅಂದದ್ದು. ಒಂದೇ ತಪ್ಪಿಗೆ ಎರಡು ಭಾಷೆಯ ಬೈಗುಳ. ಮಂಡೆ ಅಂದರೆ ತಲೆ. ಅಕ್ಕಲ್ ಅರಬ್ಬಿಯಿಂದ ಬಂದದ್ದು, ಅದರ ಧಾತುವಿಗೆ ಒಂಟೆಯ ಕಾಲು ಕಟ್ಟು ಎಂಬ ಅರ್ಥವಿದೆ. ಓಡಿಹೋಗದ ಹಾಗೆ ಹಿಡಿದಿಡುವುದು. ಇದನ್ನೆಲ್ಲ ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ!

ಇಲ್ಲಿಂದಲೇ ಶುರು ಮಾಡಿ ಮತ್ತೆ ಬರೆದು ಕಳಿಸಿ. ಎರಡು ಪುಟ ಸಾಕು. ಒಂದು ವಿಷಯ ನೀವು ಹೇಳಲೇ ಇಲ್ಲ: ಆ ಇಬ್ಬರಿಗೂ ನಿಮ್ಮ ತಂದೆ ಏನಂದರು?