ಪ್ರೊಸೆಸರ್ ಒಂದೇ, ಬೆಲೆ ಎರಡು ಪಟ್ಟು: ದುಬಾರಿ ಲ್ಯಾಪ್‌ಟಾಪ್ ಕೊಳ್ಳಬೇಕೇ?
ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಮೂರೂ ಒಂದೇ ಆಗಿರುವಾಗ ಐವತ್ತೈದು ಸಾವಿರದ ಮನೆಬಳಕೆಯ ಲ್ಯಾಪ್‌ಟಾಪನ್ನು ಬಿಟ್ಟು ಲಕ್ಷ ದಾಟುವ ಬಿಸಿನೆಸ್ ಮಾದರಿಯನ್ನು, ಅಂದರೆ ಕಚೇರಿ ಬಳಕೆಗೆಂದೇ ಮಾಡಿದ ಲೆನೊವೊ ಥಿಂಕ್‌ಪ್ಯಾಡನ್ನೋ ಡೆಲ್ ಪ್ರೊವನ್ನೋ (ಹಿಂದಿನ ಹೆಸರು ಲ್ಯಾಟಿಟ್ಯೂಡ್) ಏಕೆ ಕೊಳ್ಳಬೇಕು ಎಂದು ಕೇಳಿದ್ದೀರಿ. ವೇಗಕ್ಕಾಗಿ ಎಂದಾದರೆ ಖಂಡಿತ ಬೇಡ. ಆ ಹೆಚ್ಚಿನ ಹಣ ಹೋಗುವುದು ಹಿಂಜ್ (ಮುಚ್ಚಳದ ಕೀಲು), ಕೀಬೋರ್ಡ್, ಚೌಕಟ್ಟು ಮತ್ತು ರಿಪೇರಿಯ ಅನುಕೂಲಕ್ಕೆ.

ನನ್ನ ಮೊದಲ ಲ್ಯಾಪ್‌ಟಾಪಿನ ವೇಗಕ್ಕೆ ಮೂರು ವರ್ಷವಾದರೂ ಕುಂದು ಬಂದಿರಲಿಲ್ಲ, ಆದರೆ ಒಂದು ದಿನ ಮುಚ್ಚಳ ತೆರೆಯುವಾಗ ಎಡಗಡೆ ಟಕ್ಕೆಂದು ಸದ್ದಾಯಿತು. ಹಿಂಜಿನ ಸ್ಕ್ರೂಗಳನ್ನು ಹಿಡಿದಿದ್ದ ಹಿತ್ತಾಳೆಯ ಪುಟ್ಟ ನಟ್ಟುಗಳನ್ನು ಬರೀ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ್ದರು. ಅವು ಪ್ಲಾಸ್ಟಿಕ್ ಸಮೇತ ಕಿತ್ತು ಬಂದಿದ್ದವು. ಉಳಿದ ಆಯುಷ್ಯವನ್ನು ಅದು ಗೋಡೆಗೆ ಒರಗಿಕೊಂಡೇ ಕಳೆಯಿತು.

ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಯಾವುದೋ ಕಂಪನಿ ಬಳಸಿ ಬಿಟ್ಟಿದ್ದ 2018ರ ಥಿಂಕ್‌ಪ್ಯಾಡ್ ಟಿ480 ಕೊಂಡೆ. ಅದರಲ್ಲಿ ರ್‍ಯಾಮಿಗೆ ಎರಡು ಸ್ಲಾಟ್‌ಗಳಿವೆ, ಹಿಂಬದಿಯ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಇಲ್ಲದೆ ಕಳಚಬಹುದು, ಮತ್ತು ಯಾವ ಸ್ಕ್ರೂ ಎಲ್ಲಿದೆ ಎಂಬುದನ್ನು ಚಿತ್ರಸಮೇತ ವಿವರಿಸುವ ದುರಸ್ತಿ ಕೈಪಿಡಿಯನ್ನು ತಯಾರಕರೇ ಉಚಿತವಾಗಿ ಕೊಡುತ್ತಾರೆ. ಸವೆದ ಕೀಬೋರ್ಡನ್ನು ನಾನೇ ಅಡುಗೆಮನೆಯ ಮೇಜಿನ ಮೇಲೆ ಬದಲಿಸಿದೆ (ಕಾಫಿಯನ್ನು ದೂರ ಇಟ್ಟು).

ಹಾಗೆಂದು ದುಬಾರಿಯಾದುದೆಲ್ಲ ಬಾಳಿಕೆಯದ್ದೇನಲ್ಲ. ತೆಳುವಾದ ಅನೇಕ ದುಬಾರಿ ಮಾದರಿಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. 8 ಜಿಬಿ ಕೊಂಡರೆ ಕೊನೆಯವರೆಗೂ ಎಂಟೇ. ಅಮೆರಿಕದ ಸೇನಾ ಮಾನದಂಡದ ಪರೀಕ್ಷೆ ಪಾಸಾಗಿದೆ ಎಂಬ ಮಾತು ಈಗ ಅಗ್ಗದ ಮಾದರಿಗಳ ಪೆಟ್ಟಿಗೆಯ ಮೇಲೂ ಕಾಣುತ್ತದೆ, ಅದರೊಳಗಿನ ಯಾವ ಯಾವ ಪರೀಕ್ಷೆ ಎಂಬುದನ್ನು ಆರಿಸಿಕೊಳ್ಳುವವರು ತಯಾರಕರೇ, ಆದ್ದರಿಂದ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ.

ಲ್ಯಾಪ್‌ಟಾಪ್ ಮನೆಯ ಮೇಜು ಬಿಟ್ಟು ಕದಲುವುದಿಲ್ಲವಾದರೆ ಐವತ್ತೈದು ಸಾವಿರದ್ದನ್ನೇ ಕೊಳ್ಳಿ. ದಿನವೂ ಬ್ಯಾಗಿನಲ್ಲಿ ಓಡಾಡುವುದಾದರೆ, ಒಂದು ದಿನ ಕೆಟ್ಟರೂ ನಿಮ್ಮ ಸಂಪಾದನೆ ನಿಲ್ಲುವುದಾದರೆ, ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ವಾರಂಟಿಯೊಡನೆ ಹೊಸ ಬಿಸಿನೆಸ್ ಮಾದರಿಗೆ ಹಣ ಹಾಕುವುದು ಸರಿ. ಇವೆರಡರ ನಡುವೆ ಇರುವವರಿಗೆ ನಾನು ಕಂಪನಿಗಳು ಬಳಸಿ ಬಿಟ್ಟ ಹಳೆಯ ಬಿಸಿನೆಸ್ ಮಾದರಿಯನ್ನೇ ಹೇಳುತ್ತೇನೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಬೇಡ. ಹಣ ಎಣಿಸುವ ಮುನ್ನ ಅಂಗಡಿಯಲ್ಲೇ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸೆಟಪ್) ತೆರೆದು ನೋಡಿ. ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ಬನ್ನಿ.