ಚರಂಡಿ ಯಾರದು, ದುಡ್ಡು ಯಾರದು?

ಪ್ರಶ್ನೆ: ನಮ್ಮ ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೆ ಹರಿಯುತ್ತಿದೆ. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸುತ್ತಾರೆ. ಅಲ್ಲಿ ಹೋದರೆ ‘ರಸ್ತೆ ನಮ್ಮದಲ್ಲ’ ಅನ್ನುತ್ತಾರೆ. ದೆಹಲಿಯವರು ಅಧಿಕಾರ ಕೆಳಗಿಳಿಸಿ 30 ವರ್ಷ ದಾಟಿತಂತೆ. ಅದು ನಮ್ಮ ವಾರ್ಡ್‌ಗೆ ಯಾಕೆ ತಲುಪಿಲ್ಲ?
– ಓದುಗರೊಬ್ಬರು, ಮಾಗಡಿ ರಸ್ತೆ

ಉತ್ತರ: ಮೊದಲು ನಿಮ್ಮ ಬೀದಿ. ಮಳೆನೀರಿನ ಚರಂಡಿ ಪಾಲಿಕೆಯದು, ಮನೆಗಳ ಕೊಳಚೆ ಹೋಗುವ ಒಳಚರಂಡಿ ಜಲಮಂಡಳಿಯದು. ಮ್ಯಾನ್‌ಹೋಲ್ ಉಕ್ಕಿದರೆ ಜಲಮಂಡಳಿಗೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ರಸ್ತೆ ಹಾಳಾಗಿದ್ದರೆ ಪಾಲಿಕೆಗೆ ಬೇರೆ ದೂರು ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ.

ಇನ್ನು ದೆಹಲಿ. ನೀವು ಕೇಳಿರುವುದು ಸಂವಿಧಾನದ 74ನೇ ತಿದ್ದುಪಡಿಯ ವಿಷಯ. 1993ರ ಜೂನ್ 1ರಿಂದ ಅದು ಜಾರಿಯಲ್ಲಿದೆ. ನೀರು, ರಸ್ತೆ, ಬೀದಿದೀಪ, ನಗರ ಯೋಜನೆ, ಅಗ್ನಿಶಾಮಕ ಸೇವೆ ಹೀಗೆ 18 ಕೆಲಸಗಳ ಪಟ್ಟಿ ಅದರಲ್ಲಿದೆ. ಆದರೆ ರಾಜ್ಯಗಳು ಇವನ್ನು ನಗರಾಡಳಿತಕ್ಕೆ ಕೊಡಬಹುದು ಅಂತ ಇದೆಯೇ ಹೊರತು ಕೊಡಲೇಬೇಕು ಅಂತ ಇಲ್ಲ. ಸ್ಥಳೀಯ ಆಡಳಿತ ರಾಜ್ಯಪಟ್ಟಿಯಲ್ಲಿರುವ ವಿಷಯ ನೋಡಿ. ಹಾಗಾಗಿ ನಿಮ್ಮ ವಾರ್ಡ್‌ಗೆ ಬರಬೇಕಾದ ಅಧಿಕಾರ ಸಿಕ್ಕಿಹಾಕಿಕೊಂಡಿರುವುದು ದೆಹಲಿಯಲ್ಲಲ್ಲ, ವಿಧಾನಸೌಧದಲ್ಲಿ. ಯಾವ ಪಕ್ಷ ಬಂದರೂ ಇದೇ ಕಥೆ.

ಬೆಂಗಳೂರನ್ನೇ ನೋಡಿ. ನೀರು 1964ರಿಂದ ಜಲಮಂಡಳಿ ಕೈಯಲ್ಲಿದೆ, ಬಡಾವಣೆ 1976ರಿಂದ ಬಿಡಿಎ ಕೈಯಲ್ಲಿದೆ, ಬಸ್ಸಿಗೆ ಬಿಎಂಟಿಸಿ, ಕರೆಂಟಿಗೆ ಬೆಸ್ಕಾಂ, ಇವೆಲ್ಲ ಲೆಕ್ಕ ಒಪ್ಪಿಸುವುದು ರಾಜ್ಯ ಸರ್ಕಾರಕ್ಕೇ ಹೊರತು ನೀವು ಓಟು ಹಾಕಿದ ಕಾರ್ಪೊರೇಟರ್‌ಗಲ್ಲ. ಆ ಕಾರ್ಪೊರೇಟರ್ ಆದರೂ ಎಲ್ಲಿದ್ದರು? 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಪ್ರಾಧಿಕಾರಕ್ಕೆ ಅಧ್ಯಕ್ಷರು ಯಾರು? ಮುಖ್ಯಮಂತ್ರಿ. ಪಾಲಿಕೆ ಒಂದಿದ್ದದ್ದು ಐದಾದ ಮಾತ್ರಕ್ಕೆ ಅಧಿಕಾರ ಕೆಳಗಿಳಿಯಿತು ಅಂತ ನಾನಂತೂ ಒಪ್ಪುವುದಿಲ್ಲ.

ಕೆಲಸ ಕೊಟ್ಟರೆ ಸಾಲದು, ದುಡ್ಡು ಮತ್ತು ಸಿಬ್ಬಂದಿಯನ್ನೂ ಕೊಡಬೇಕು. ಇಲ್ಲದಿದ್ದರೆ ಅಡುಗೆ ನೀನೇ ಮಾಡು ಅಂತ ಹೇಳಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಹಾಗೆ. ಇದು ಕರ್ನಾಟಕಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಹಳ್ಳಿ, ಜಿಲ್ಲೆಗಳ ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ಕೊಡುವ 1983ರ ಪಂಚಾಯತಿ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಶುರುವಾದವು. ಅಧಿಕಾರಿಗಳು ಚುನಾಯಿತ ಅಧ್ಯಕ್ಷರ ಕೈಕೆಳಗೆ ಬಂದರು, ಇಲಾಖೆಗಳ ಕೆಲಸದ ಜೊತೆ ಹಣ ಮತ್ತು ನೌಕರರೂ ಬಂದರು. ಹಳ್ಳಿಹಳ್ಳಿಗೆ ಕೊಳವೆಬಾವಿ ತೆಗೆಸಿದ್ದಕ್ಕೆ ‘ನೀರ್ ಸಾಬ್’ ಅಂತಲೇ ಜನ ಅವರನ್ನು ಕರೆದರು. ಇಡೀ ದೇಶಕ್ಕೆ ಸಂವಿಧಾನ ತಿದ್ದುಪಡಿ ಬರುವ ಮೊದಲೇ ಹಳ್ಳಿಗಳಲ್ಲಿ ಇಷ್ಟು ಮಾಡಿದ ರಾಜ್ಯ, ತನ್ನ ರಾಜಧಾನಿಯ ವಿಷಯ ಬಂದಾಗ ಯಾಕಿಷ್ಟು ಕೈಬಿಗಿ ಹಿಡಿಯುತ್ತದೆ? ಬೆಂಗಳೂರಿನ ಜಾಗಕ್ಕಿರುವ ಬೆಲೆ ನೋಡಿದರೆ ಉತ್ತರ ನಿಮಗೇ ಹೊಳೆಯುತ್ತದೆ.

ಹಾಗಂತ ಎಲ್ಲವನ್ನೂ ವಾರ್ಡ್‌ಗೆ ತಂದು ಸುರಿಯುವುದೂ ಬೇಡ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಪಂಪ್ ಮಾಡಿ ತರುವ ಕೆಲಸ ಐದು ಪಾಲಿಕೆಗಳು ಐದು ಕಡೆ ಮಾಡಲಾಗುತ್ತದೆಯೇ? ಅದಕ್ಕೆ ಒಂದೇ ಮಂಡಳಿ ಇರಲಿ. ನಿಮ್ಮ ಬೀದಿಯ ಪೈಪು, ಮ್ಯಾನ್‌ಹೋಲ್, ಯಾವ ದಿನ ನೀರು ಬಿಡಬೇಕು ಅನ್ನುವುದು ಇಲ್ಲೇ ತೀರ್ಮಾನವಾಗಲಿ. ಜನನ ಮರಣ ನೋಂದಣಿ ಹೀಗೇ ನಡೆಯುತ್ತಿದೆ ಅಲ್ವಾ? ಕಾಯ್ದೆ ಕೇಂದ್ರದ್ದು, 1969ರದ್ದು. ಸರ್ಟಿಫಿಕೇಟ್‌ಗಾಗಿ ಯಾರೂ ದೆಹಲಿಗೆ ಹೋಗುವುದಿಲ್ಲ.

ಪ್ರಶ್ನೆ: ವಾರ್ಡ್ ಸಮಿತಿ ಸಭೆಗೆ ಹೋದರೆ ಏನಾದರೂ ಉಪಯೋಗ ಇದೆಯಾ, ಸುಮ್ನೆ ಟೈಮ್ ವೇಸ್ಟಾ?
– ಓದುಗರೊಬ್ಬರು, ಜಯನಗರ

ಉತ್ತರ: ಹೋಗಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿಗಳು ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಭಾಷಣ ಕೇಳಲು ಹೋಗಬೇಡಿ. ಈ ವರ್ಷ ನಮ್ಮ ವಾರ್ಡ್‌ನ ಕಾಮಗಾರಿ ಪಟ್ಟಿ ಎಲ್ಲಿ, ಯಾವುದಕ್ಕೆ ಬಿಲ್ ಆಗಿದೆ ಅಂತ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.